ಹನ್ನೆರಡು ಗಂಟೆಗೆ ಕಂಡ ಚುಕ್ಕೆ

ಅಮೃತಹಳ್ಳಿಯ ಆವಲಪ್ಪನವರು ಪಾರಿವಾಳಗಳನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದರು, ಮನುಷ್ಯರನ್ನು ಏಕವಚನದಲ್ಲಿ. "ಬರ್ರಮ್ಮಾ, ಊಟ ಆಯ್ತಾ?" ಅಂದರೆ ಅದು ಹಕ್ಕಿಗೆ. "ಏನೇ, ತಿಂದ್ಯಾ?" ಅಂದರೆ ಅದು ನನಗೆ. ಒಮ್ಮೆ ಏರಿಯಾದ ಲೀಡರ್ ಒಬ್ಬ ಗರಿಗರಿ ಬಿಳಿ ಪ್ಯಾಂಟು ಶರಟು ಹಾಕಿಕೊಂಡು ಬಂದು ಗೂಡಿನ ಮುಂದೆ ನಿಂತ. "ಚೂರು ಆ ಕಡೆ ನಿಂತ್ಕಳಪ್ಪ, ಅವ್ರಿಗೆ ಬಿಸಿಲು ಬೀಳ್ಬೇಕು" ಅಂದುಬಿಟ್ಟರು!

ಅವರ ಕಸುಬು ಬಣ್ಣದ್ದು. ಅಂಗನವಾಡಿ, ಸರ್ಕಾರಿ ಶಾಲೆಗಳ ಗೋಡೆ ಮೇಲೆ ಆನೆ, ಹುಲಿ, ಗಿಳಿ ಬರೆಯುವುದು. ನಾಲ್ಕು ಗಂಟೆ ಆಯಿತೋ, ಕುಂಚ ಬಿಸಾಕಿ ಏಣಿ ಇಳಿದು ಹಕ್ಕಿಗಳಿಗೆ ಕಾಳು ಹಾಕಲು ಓಡುತ್ತಿದ್ದರು. ಜಕ್ಕೂರಿನ ಅಂಗನವಾಡಿಯಲ್ಲಿ ಒಂದು ಆನೆ ಎಂಟು ದಿನ ಸೊಂಡಿಲಿಲ್ಲದೆ ನಿಂತಿತ್ತು. "ಮಕ್ಕಳು ಅದನ್ನ ಎಮ್ಮೆ ಅಂತಿದಾರೆ ಕಣ್ರೀ" ಅಂತ ಟೀಚರ್ ರೇಗಿದರು. "ಸರಿಯಾಗೇ ಅಂತವ್ರೆ. ಸೊಂಡಿಲು ಬರೋಗಂಟ ಅದು ಎಮ್ಮೇನೇ" ಅಂದರು ಇವರು. ಅಪಾರ್ಟ್‌ಮೆಂಟಿನ ಮಕ್ಕಳು ಅವರಿಗೆ ಕಾರ್ಟೂನ್ ತಾತ ಅಂತ ಹೆಸರಿಟ್ಟಿದ್ದವು. ಟಿವಿಯ ಯಾವುದೋ ಕಾರ್ಟೂನಿನಲ್ಲಿ ಹೀಗೇ ಒಬ್ಬ ತಿಕ್ಕಲು ಮುದುಕ ಮಕ್ಕಳಿಗೆ ವಿಚಿತ್ರ ಪ್ರಾಣಿಗಳನ್ನು ಪಳಗಿಸಲು ಕಲಿಸುತ್ತಾನಂತೆ.

ನಮಗೆ ಮಾತ್ರ ಅವರು ಉಸ್ತಾದ್. ಹೆಬ್ಬಾಳದಿಂದ ಯಲಹಂಕದವರೆಗೆ ಮಹಡಿ ಮೇಲೆ ಪಾರಿವಾಳ ಸಾಕಿ ಪಂದ್ಯಕ್ಕೆ ಹಾರಿಸುವ ಹುಡುಗರೆಲ್ಲ ಅವರ ಹತ್ತಿರವೇ ಕಲಿತವರು. ನಾನು ವನಿತಾ, ಮೇನ್ ರೋಡಿನಲ್ಲಿ ಬ್ಲೌಸು ಹೊಲಿಯುವ ಅಂಗಡಿ ಇಟ್ಟವಳು. ಹತ್ತೊಂಬತ್ತರ ವಯಸ್ಸಿನಲ್ಲಿ ನನಗೂ ಹಕ್ಕಿ ಬೇಕು ಅಂತ ಹೋದಾಗ ಅಲ್ಲಿದ್ದ ಗಂಡಸರೆಲ್ಲ ಹಲ್ಲುಕಿರಿದರು. ಉಸ್ತಾದ್ ನಗಲಿಲ್ಲ. ಒಂದು ಪೆನ್ಸಿಲು, ಒಂದು ನೋಟ್‌ಬುಕ್ಕು ಕೊಟ್ಟು, "ಇವ್ರ ಕಣ್ಣು ಬರಿ. ಬರೀ ಕಣ್ಣು. ಒಂದು ತಿಂಗಳು" ಅಂದರು. ಅವರ ಪಾಠವೇ ಅದು. ಬರೆಯಲು ಬಾರದವನಿಗೆ ನೋಡಲು ಬರುವುದಿಲ್ಲ, ನೋಡಲು ಬಾರದವನಿಗೆ ಹಕ್ಕಿ ಯಾಕೆ? ಮೂವತ್ತನೆಯ ದಿನ ನನ್ನ ಪುಸ್ತಕ ತಿರುವಿ ನೋಡಿ ಒಂದು ಜೋಡಿ ಮರಿ ಕೊಟ್ಟರು. ಅವತ್ತಿನಿಂದ ಹತ್ತೊಂಬತ್ತು ವರ್ಷ ನಾನು ಅವರ ಶಿಷ್ಯೆ.

ನಮ್ಮ ಪಂದ್ಯದಲ್ಲಿ ಹಣಕ್ಕಿಂತ ಮಾನ ದೊಡ್ಡದು. ಬೆಳಿಗ್ಗೆ ಹಕ್ಕಿ ಬಿಡುತ್ತಾರೆ, ಯಾರದು ಹೆಚ್ಚು ಹೊತ್ತು ಹಾರಿ ತನ್ನ ಮಹಡಿಗೇ ಬಂದು ಇಳಿಯುತ್ತದೋ ಅವರು ಗೆದ್ದ ಹಾಗೆ. ಗಂಟೆಗೊಮ್ಮೆ ಹಕ್ಕಿ ಮೇಲಿರುವುದು ಕಣ್ಣಿಗೆ ಬೀಳಬೇಕು. ಬೀಳಲಿಲ್ಲವೋ, ಪಂದ್ಯದಿಂದ ಔಟ್. ಆಗ ಮಹಡಿ ಮೇಲೆ ಒಂದು ಬಿಳಿ ಪಾರಿವಾಳ ಬಿಡುತ್ತೇವೆ. ಅದು ರೆಕ್ಕೆ ಬಡಿಯುವುದನ್ನು ಕಂಡು ಮೇಲಿನದು ಇಳಿದುಬರುತ್ತದೆ. ಅಷ್ಟೆತ್ತರದಲ್ಲಿ ಹಕ್ಕಿ ಅಂದರೆ ಸಾಸಿವೆ ಕಾಳಿನಷ್ಟು. ಅದಕ್ಕೇ ಆವಲಪ್ಪನವರ ಕಣ್ಣಿಗೆ ಅಷ್ಟು ಬೆಲೆ. ಒಂದು ವರ್ಷ ತಮ್ಮ ಪ್ರೀತಿಯ ಶಿಷ್ಯ ಜಮೀರನ ಹಕ್ಕಿಯನ್ನೇ "ನಂಗೆ ಕಾಣ್ತಾ ಇಲ್ಲ, ಹೊಡ್ದಾಕ್ರಿ" ಅಂತ ಔಟ್ ಮಾಡಿಸಿದ್ದರು. ಆಮೇಲೆ ಅವರು ಕಂಡಿತು ಅಂದರೆ ಯಾವ ತೀರ್ಪುಗಾರನೂ ಎರಡನೇ ಮಾತಾಡುತ್ತಿರಲಿಲ್ಲ.

ಆ ಕಣ್ಣು ಕೆಡುತ್ತಾ ಬಂದಿತ್ತು. ನಮಗೆ ಗೊತ್ತಾಗಲಿಲ್ಲ. ಗಿಳಿಗೆ ನೀಲಿ ಬಣ್ಣ ಬಳಿದರು, ಕಾರ್ಟೂನ್ ತಾತ ಅಲ್ಲವೇ ಅಂತ ನಕ್ಕೆವು. ಟೀ ಲೋಟ ಕಟ್ಟೆಯಂಚಿಗೆ ಇಟ್ಟು ಬೀಳಿಸಿದರು, ಆಗಲೂ ನಕ್ಕೆವು. ಮನುಷ್ಯ ಮೊದಲಿಂದ ತಿಕ್ಕಲಾಗಿದ್ದರೆ ಅವನ ಕಾಯಿಲೆಯೂ ತಿಕ್ಕಲಾಗಿಯೇ ಕಾಣುತ್ತದೆ ನೋಡಿ. ಅವರ ಹೆಂಡತಿ ಮುನಿಕೆಂಪಮ್ಮನಿಗೆ ಮಾತ್ರ ಅನುಮಾನ ಬಂದಿತ್ತು. ಉಸ್ತಾದರಿಗೆ ಸಕ್ಕರೆ ಕಾಯಿಲೆ ಬೇರೆ ಇತ್ತಲ್ಲ. ಏಪ್ರಿಲ್‌ನಲ್ಲಿ ಒಮ್ಮೆ, ಬರುವ ಸೋಮವಾರ ಕಣ್ಣಾಸ್ಪತ್ರೆಗೆ ಹೋಗಲೇಬೇಕು ಅಂತ ಹಟ ಹಿಡಿದರು. ಉಸ್ತಾದ್ ಒಂದು ಕರಾರು ಹಾಕಿದರು. ಹಿಂದಿನ ದಿನ ಭಾನುವಾರ ವನಿತನ ಮಹಡಿಯಲ್ಲಿ ಪಂದ್ಯ. ಮಧ್ಯಾಹ್ನ ಹಕ್ಕಿ ಕಂಡರೆ ಕಣ್ಣು ಸರಿಯಿದೆ ಅಂತ, ಕಾಣದಿದ್ದರೆ ಬಾಯ್ಮುಚ್ಚಿಕೊಂಡು ಆಸ್ಪತ್ರೆಗೆ ಬರುತ್ತೇನೆ. ಈ ಕರಾರು ನನಗೆ ತಿಳಿದಿದ್ದು ತಿಂಗಳುಗಳು ಕಳೆದ ಮೇಲೆ. ನಿಮಗೆ ಈಗಲೇ ಹೇಳಿಬಿಡುತ್ತಿದ್ದೇನೆ.

ಭಾನುವಾರ ಆರೂವರೆಗೆ ಬೂದಮ್ಮನನ್ನು ಬಿಟ್ಟೆ. ಉಸ್ತಾದರ ಮನೆಯ ಕೊನೆಯ ಜೋಡಿಗೆ ಹುಟ್ಟಿದ ಬೂದು ಬಣ್ಣದ ಹೆಣ್ಣು ಅದು. ಮಂಡಿನೋವಿಗೆ ಮಹಡಿ ಹತ್ತಲಾರದೆ ಅದನ್ನು ನನಗೆ ಕೊಟ್ಟು, "ಬೂದಮ್ಮನೋರನ್ನ ಚೆನ್ನಾಗಿ ನೋಡ್ಕೊ" ಅಂದಿದ್ದರು. ಪಂದ್ಯದ ದಿನ ಮಾತ್ರ ಜಮೀರ್ ಅವರನ್ನು ಮೆಟ್ಟಿಲಿಗೊಮ್ಮೆ ನಿಲ್ಲಿಸಿ ಮೇಲೆ ಕರೆತಂದಿದ್ದ. ತೀರ್ಪುಗಾರ ಬಾಗಲೂರಿನ ಲಕ್ಕಣ್ಣ, ಎದುರು ತಂಡದ ಮುನೀಂದ್ರ, ಇನ್ನೂ ನಾಲ್ಕಾರು ಜನ. ಈ ಮುನೀಂದ್ರ ಬಂದಾಗಿನಿಂದ ಕೊಂಕು ನುಡಿಯುತ್ತಿದ್ದ. "ಮುದುಕಪ್ಪಂಗೆ ಈಗ ಬಸ್ಸಿನ ಬೋರ್ಡೇ ಕಾಣಲ್ವಂತೆ ಮಗಾ" ಅಂತ ಪಕ್ಕದವನ ಕಿವಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ. ನನಗೆ ಮೈಯೆಲ್ಲ ಉರಿದುಹೋಯಿತು.

ಹನ್ನೊಂದೂವರೆಗೆ ಬೂದಮ್ಮನನ್ನು ನಾನು ಕೊನೆಯ ಸಲ ಕಂಡೆ. ಹನ್ನೆರಡಕ್ಕೆ ಲಕ್ಕಣ್ಣ ಪುಸ್ತಕ ತೆಗೆದ. ಉಸ್ತಾದ್ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಹಾಕಿ ತುಂಬಾ ಹೊತ್ತು ನೋಡಿದರು. ಆಮೇಲೆ ಕೈ ಎತ್ತಿ, "ಅಗೋ, ಟ್ಯಾಂಕಿನ ನೇರಕ್ಕೆ, ಎರಡು ಬೆರಳು ಎಡಕ್ಕೆ! ಕರೀ ಚುಕ್ಕೆ!" ಅಂದರು.

ನಾನು ನೋಡಿದೆ. ಅಲ್ಲಿ ಏನೂ ಇರಲಿಲ್ಲ. ಸುಣ್ಣ ಬಳಿದಂಥ ಬೋಳು ಆಕಾಶ. ಅವರ ಮುಖ ನೋಡಿದೆ. ಸೂರ್ಯನ ಪಕ್ಕದಲ್ಲೇ ನೋಡುತ್ತಿದ್ದರೂ ಕಣ್ಣು ಕಿರಿದಾಗಿರಲಿಲ್ಲ. ಅಯ್ಯೋ, ಇವರಿಗೆ ಕಾಣುತ್ತಿಲ್ಲ, ಮಾನ ಉಳಿಸಿಕೊಳ್ಳಲು ಸುಳ್ಳು ಹೇಳುತ್ತಿದ್ದಾರೆ ಅಂದುಕೊಂಡೆ.

"ನಂಗೆ ಕಾಣ್ತಿಲ್ಲಪ್ಪ" ಅಂತ ಮುನೀಂದ್ರ ಹಲ್ಲುಬಿಟ್ಟ.

ಉಸ್ತಾದ್ ನನ್ನ ಕಡೆ ತಿರುಗಿದರು. "ನಿಂಗೆ ಕಾಣ್ತೇನೇ ವನಿತಾ?"

ಈ ಬಡ್ಡಿಮಕ್ಕಳ ಮುಂದೆ ನನ್ನ ಉಸ್ತಾದರ ತಲೆ ತಗ್ಗಬಾರದು. ಅಷ್ಟೇ ನನ್ನ ತಲೆಯಲ್ಲಿದ್ದದ್ದು. "ಕಾಣ್ತು ಉಸ್ತಾದ್. ಟ್ಯಾಂಕಿನ ಎಡಕ್ಕೆ" ಅಂದೆ. ಲಕ್ಕಣ್ಣ ಬರೆದುಕೊಂಡ.

ಆ ಮನುಷ್ಯ ಆಗ ಪಟ್ಟ ಸಂತೋಷ ನೀವು ನೋಡಬೇಕಿತ್ತು. ತೊಡೆ ತಟ್ಟಿಕೊಂಡರು. ಜೇಬಿನಿಂದ ಮೊಬೈಲು ತೆಗೆದು ಜಮೀರನಿಂದ ನಂಬರು ಒತ್ತಿಸಿ, "ಕೆಂಪಾ, ಕಾಣ್ತು ಕಣೇ! ವನಿತಂಗೂ ಕಾಣ್ತು! ನಾಳೆ ಎಲ್ಲೂ ಓಗಂಗಿಲ್ಲ!" ಅಂತ ಕೂಗಿದರು. ಪಂದ್ಯದ ಹುರುಪು ಅಂದುಕೊಂಡೆ. ಒಂದು ಗಂಟೆಗೂ ಚುಕ್ಕೆ ತೋರಿಸಿದರು, ಎರಡಕ್ಕೂ ತೋರಿಸಿದರು. ನಾನು ಎರಡು ಸಲವೂ ಹೂಂ ಅಂದೆ. ಒಂದು ಸುಳ್ಳು ಹೇಳಿದವಳಿಗೆ ಇನ್ನೆರಡು ಭಾರವೇ? ಹಕ್ಕಿ ಮೇಲಿದೆ ಅಂತ ಪುಸ್ತಕದಲ್ಲಿ ಬರೆಸಿದ ಮೇಲೆ ಬಿಳಿ ಪಾರಿವಾಳ ಬಿಡುವ ಹಾಗೂ ಇರಲಿಲ್ಲ.

ಮೂರಕ್ಕೆ ಬಾಗಲೂರಿನ ಕಡೆಯಿಂದ ಕಪ್ಪಾಗಿ ಬಂದ ಮೋಡ ಆಲಿಕಲ್ಲಿನ ಸಮೇತ ಸುರಿಯಿತು. ಓಡಿಹೋಗಿ ಬಿಳಿಯದನ್ನು ಬಿಟ್ಟೆ, ಅದು ಗಾಳಿಗೆ ಹೆದರಿ ಗೂಡಿಗೇ ನುಗ್ಗಿತು. ಬೂದಮ್ಮ ಬರಲಿಲ್ಲ. ಅವತ್ತೂ ಇಲ್ಲ, ಮಾರನೇ ದಿನವೂ ಇಲ್ಲ. ನಾನು ಅತ್ತಾಗ ಉಸ್ತಾದರೇ ಸಮಾಧಾನ ಮಾಡಿದರು.

ಆಗಸ್ಟ್‌ನಲ್ಲಿ ಅವರು ಹಾಡಹಗಲೇ ಮೋರಿಗೆ ಬಿದ್ದರು. ಮುನಿಕೆಂಪಮ್ಮ ನನಗೆ ಫೋನ್ ಮಾಡಿದರು, ಮೂವರೂ ಕಣ್ಣಾಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಬಹಳ ಹೊತ್ತು ಪರೀಕ್ಷೆ ಮಾಡಿದರು. ಎಡಗಣ್ಣು ಹೋಗಿದೆ, ಬಲಗಣ್ಣಿಗೆ ಬೆಳಕು ಮಾತ್ರ ತಿಳಿಯುತ್ತದೆ, ಏಪ್ರಿಲ್‌ನಲ್ಲಿ ಬಂದಿದ್ದರೆ ಲೇಸರ್ ಮಾಡಿ ಉಳಿಸಬಹುದಿತ್ತೇನೋ ಅಂದರು.

"ಸಕ್ಕರೆಯಿಂದ ಕಣ್ಣಿನೊಳಗೇ ರಕ್ತ ಸೋರಿದೆ. ಮೊದಮೊದಲು ಕಪ್ಪು ಚುಕ್ಕೆ ತೇಲಿದ ಹಾಗೆ ಕಾಣ್ಸಿರ್ಬೇಕಲ್ಲ ಯಜಮಾನ್ರೇ?"

"ಚುಕ್ಕೆನಾ?" ಅಂದರು ಉಸ್ತಾದ್.

ಹೊರಗೆ ಬೆಂಚಿನ ಮೇಲೆ ಕೂತಾಗ ಮುನಿಕೆಂಪಮ್ಮ ಕರಾರಿನ ಕಥೆ ಹೇಳಿದರು. "ಇವ್ರ ಮಾತು ನಾನೆಲ್ಲಿ ನಂಬ್ತಿದ್ದೆ? ನೀನೂ ನೋಡ್ದೆ ಅಂದ್ರಲ್ಲ, ಅದ್ಕೇ ಸುಮ್ನಾದೆ ಕಣಮ್ಮ" ಅಂದರು. ಅವರಿಗೆ ನನ್ನ ಮೇಲೆ ಒಂದಿಷ್ಟೂ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. ಅವರು ಮಾತ್ರೆ ತರಲು ಎದ್ದುಹೋದರು.

ಉಸ್ತಾದ್ ಮೆಲ್ಲಗೆ ಕೇಳಿದರು. "ನಾನ್ ನೋಡಿದ್ದು ನನ್ ಕಣ್ಣೊಳಗಿನ ರಕ್ತ. ಸರಿ. ನೀನ್ ನೋಡಿದ್ದೇನು ವನಿತಾ?"

ಅವರು ಸುಳ್ಳು ಹೇಳಿರಲಿಲ್ಲ. ಅವರಿಗೆ ನಿಜಕ್ಕೂ ಒಂದು ಚುಕ್ಕೆ ಕಂಡಿತ್ತು. ಅದು ಹಕ್ಕಿ ಹೌದೋ ಅಲ್ಲವೋ ಅಂತ ನನ್ನನ್ನು ಕೇಳಿದ್ದರು. ಆ ಮಹಡಿ ಮೇಲೆ ಸುಳ್ಳು ಹೇಳಿದವಳು ನಾನೊಬ್ಬಳೇ.

"ಏನೂ ಕಾಣ್ಲಿಲ್ಲ ಉಸ್ತಾದ್" ಅಂದೆ. "ನಿಮ್ ಮಾನ ಹೋಗ್ಬಾರ್ದು ಅಂತ..."

ಬೈಯಲಿ, ನಿನ್ನ ಬಾಯಿಗೆ ಮಣ್ಣು ಹಾಕ ಅನ್ನಲಿ ಅಂತ ಕಾದೆ. ನನ್ನ ಕಣ್ಣು ಹಾಳು ಮಾಡಿದೆಯಲ್ಲೇ ಅನ್ನಲಿ ಅಂತ ಕಾದೆ. ಅವರು ಕಣ್ಣಿನ ಮಾತೇ ಎತ್ತಲಿಲ್ಲ.

"ಬೂದಮ್ಮನೋರು ಎಷ್ಟೊತ್ತಿಗೆ ಮರೆಯಾದ್ರು?"

"ಹನ್ನೊಂದೂವರೆಗೆ."

"ಮಳೆ ಬಂದಿದ್ದು ಮೂರಕ್ಕೆ" ಅಂದರು. ಬೆರಳು ಮಡಿಸಿ ಗಂಟೆ ಎಣಿಸಿದರು. "ಅಷ್ಟೊತ್ತು ಅವ್ರು ಮೇಲೆ ಒಬ್ರೇ ಇದ್ರಾ? ಕೆಳಗೆ ಯಾರಿಗೂ ಕಾಣ್ದೆ? ಬಿಳೀದನ್ನ ಬಿಟ್ಟಿದ್ರೆ ಇಳ್ದು ಬಂದ್ಬಿಡ್ತಿದ್ರಲ್ಲೇ ನಮ್ಮಮ್ಮ."

ಅಷ್ಟು ಹೇಳಿ ಎದ್ದು ನಿಂತರು. ನಾನು ಅವರ ಕೈ ಹಿಡಿದೆ. ಅವರು ಕೊಡವಿಕೊಳ್ಳಲಿಲ್ಲ, ನಿಧಾನವಾಗಿ ಬಿಡಿಸಿಕೊಂಡರು. ಆಸ್ಪತ್ರೆಯ ಗದ್ದಲದಲ್ಲಿ ಯಾವ ದಿಕ್ಕು ಅಂತ ತಿಳಿಯದೆ ಗೋಡೆಯ ಕಡೆಗೇ ಮುಖ ಮಾಡಿ, "ಕೆಂಪಾ, ಎಲ್ಲಿದ್ದೀಯೇ? ಬಂದು ಕರ್ಕೊಂಡೋಗೇ" ಅಂತ ಕೂಗಿದರು.