ಮಲ್ಲುವಿನ ಲ್ಯಾಪ್‌ಟಾಪ್ ಮತ್ತು ದಯಾನಂದನ ಹೆಸರು

ದಯಾನಂದ, ಮಲ್ಲುವಿನ ಲ್ಯಾಪ್‌ಟಾಪ್ ಕೆಡಿಸಿದವಳು ನಾನು. ನೀನಲ್ಲ. ನೀನು ಅದರ ಒಂದು ಸ್ಕ್ರೂವನ್ನೂ ಮುಟ್ಟಿರಲಿಲ್ಲ ಎಂಬುದು ನನಗೆ ಮೊದಲ ದಿನದಿಂದ ಗೊತ್ತಿತ್ತು. ಗೊತ್ತಿದ್ದೂ ಅನುಮಾನ ನಿನ್ನ ಕಡೆ ಹೊರಳುವಂತೆ ಮಾಡಿದೆ—ಹೊರಳಿದ ಮೇಲೆ ಬಾಯಿ ಮುಚ್ಚಿಕೊಂಡು ಕೂತೆ.

ಈ ಮಾತು ಬರೆಯಲು ಇಷ್ಟು ವರ್ಷ ಹಿಡಿಯಿತು. ಇಲ್ಲಿ ನಿಲ್ಲಿಸಿದರೆ ಮತ್ತೆ ಕೈ ಏಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆಯೇ ಹೇಳಿಬಿಡುತ್ತೇನೆ.

ನಾನು ಭಾಲ್ಕಿಯಿಂದ ಉದಗೀರಿಗೆ ಸೊಸೆಯಾಗಿ ಬಂದವಳು. ಬೀದರಿನಲ್ಲಿ ಕಂಪ್ಯೂಟರ್ ಹಾರ್ಡ್‌ವೇರ್ ಕಲಿತಿದ್ದೆ, ಕೈಯೂ ಚೆನ್ನಾಗಿ ಕೂತಿತ್ತು. ನಮ್ಮ ಮನೆಯವರದು ಕಾಲೇಜಿನ ಹಾದಿಯಲ್ಲಿ ಮೊಬೈಲ್, ಕಂಪ್ಯೂಟರ್ ರಿಪೇರಿಯ ಅಂಗಡಿ. ಆದರೂ ಮದುವೆಯಾಗಿ ಬಹಳ ದಿನ ನನ್ನನ್ನು ಝೆರಾಕ್ಸ್ ಯಂತ್ರದ ಮುಂದೆ ಮಾತ್ರ ನಿಲ್ಲಿಸಿದ್ದರು. "ಹೆಣ್ಮಗಳು ಲ್ಯಾಪ್‌ಟಾಪ್ ಬಿಚ್ಚತಾಳಂದ್ರ ಗಿರಾಕಿ ನಂಬತಾರೇನು?" ಅನ್ನುತ್ತಿದ್ದರು. ಜಗಳವಾಡಿ, ಅತ್ತು, ಮತ್ತೆ ಜಗಳವಾಡಿ ಅಂಗಡಿಯ ಮೂಲೆಯಲ್ಲಿ ಒಂದು ಸಣ್ಣ ಮೇಜು ಗಿಟ್ಟಿಸಿಕೊಂಡಿದ್ದೆ. ಅದಕ್ಕೊಂದು ಕರಾರಿತ್ತು—"ಒಂದ ಸಾಮಾನ ನಿನ್ನ ಕೈಯಾಗ ಕೆಟ್ಟಿತಂದ್ರ ಮುಗೀತು. ಮತ್ತ ಈ ಮಾತ ಎತ್ತಬಾರದು."

ಯಾರೂ ನನ್ನ ಮೇಜಿಗೆ ಏನನ್ನೂ ಕೊಡಲಿಲ್ಲ. ಕೊನೆಗೆ ಕೊಟ್ಟವನು ನನ್ನ ಮೈದುನ ಮಲ್ಲು. "ನಂದ ಮೊದಲ ಬಿಚ್ಚಲಿ ವೈನಿ. ನೋಡೇಬಿಡಮ್ಮು," ಎಂದು ಅಣ್ಣನ ಎದುರಿಗೇ ಹೇಳಿ ತನ್ನ ಲ್ಯಾಪ್‌ಟಾಪ್ ತಂದು ಇಟ್ಟ.

ಆ ಲ್ಯಾಪ್‌ಟಾಪ್ ನಿಮ್ಮಿಬ್ಬರಿಗೂ ಏನಾಗಿತ್ತೆಂದು ನಿನಗೆ ನಾನು ಹೇಳಬೇಕಾಗಿಲ್ಲ. ನೀನು ಮಲ್ಲುವಿನ ಕಾಲೇಜಿನಲ್ಲಿ ಓದಲು ನಿಲಂಗಾ ಕಡೆಯಿಂದ ಬಂದು ಉದಗೀರಿನಲ್ಲಿ ರೂಮು ಮಾಡಿಕೊಂಡಿದ್ದೆ, ಊಟ ಹೆಚ್ಚಾಗಿ ನಮ್ಮ ಮನೆಯಲ್ಲೇ. ನೀವಿಬ್ಬರೂ ಒಂದೇ ಪರದೆಯ ಮುಂದೆ ಭುಜಕ್ಕೆ ಭುಜ ಹಚ್ಚಿ ಕೂತು ಆ ಗುಂಡು ಹಾರಿಸುವ ಆಟ ಆಡುತ್ತಿದ್ದಿರಿ. ಲಾತೂರಿನ ಕಾಲೇಜೊಂದರಲ್ಲಿ ಪಂದ್ಯವಿದೆ, ಜೋಡಿಯಾಗಿ ಆಡಬೇಕು ಎಂದು ತಯಾರಿ ನಡೆಸಿದ್ದಿರಿ. ಹಳೆಯ ಹಾರ್ಡ್ ಡಿಸ್ಕ್ ನಿಧಾನವೆಂದು ಅದನ್ನು ತೆಗೆದು ಹೊಸ ಎಸ್‌ಎಸ್‌ಡಿ ಹಾಕಿಸಬೇಕೆಂದು ಮಲ್ಲುವಿಗೆ ಹೇಳಿದವನೂ ನೀನೇ.

ಹಾಕಿದೆ. ಆ ಕೆಲಸ ಚೊಕ್ಕವಾಗಿಯೇ ಆಯಿತು. ಅಷ್ಟಕ್ಕೆ ಹಿಂದಿನ ಮುಚ್ಚಳ ಮುಚ್ಚಿಬಿಟ್ಟಿದ್ದರೆ—

ಮುಚ್ಚಲಿಲ್ಲ. ಒಳಗೆ ಧೂಳು ಕಟ್ಟಿತ್ತು. ಆ ಲ್ಯಾಪ್‌ಟಾಪಿಗೆ ಎರಡು ಫ್ಯಾನು. ಎರಡನ್ನೂ ತೆಗೆದು ಒರೆಸಿ, ಹೊಸದರಂತೆ ಮಾಡಿ ಕೊಟ್ಟರೆ ನನ್ನ ಕೆಲಸ ಎದ್ದು ಕಾಣುತ್ತದೆಂಬ ಆಸೆ. ಮೊದಲನೆಯದು ಸರಾಗವಾಗಿ ಬಂತು. ಎರಡನೆಯದರ ತಂತಿ ಎಳೆದಾಗ, ಬೋರ್ಡಿನ ಮೇಲಿದ್ದ ಅಕ್ಕಿಕಾಳಿನಂಥ ಬಿಳಿ ಸಾಕೆಟ್ಟು ಬುಡಸಮೇತ ಕಿತ್ತು ಚಿಮಟದ ತುದಿಗೆ ಬಂತು.

ನಮ್ಮವರು ಪಕ್ಕದಲ್ಲೇ ಗಿರಾಕಿಯೊಂದಿಗೆ ಮಾತನಾಡುತ್ತಿದ್ದರು. ತಲೆ ಎತ್ತಿ "ಆಯ್ತೇನು?" ಎಂದರು.

"ಆಯ್ತ್ರಿ," ಎಂದೆ.

ಅದು ಮೊದಲ ಸುಳ್ಳು. ಕಿತ್ತ ಸಾಕೆಟ್ಟನ್ನು ಇದ್ದಲ್ಲೇ ಕೂರಿಸಿ, ತಂತಿಯ ಮೇಲೆ ಟೇಪು ಅಂಟಿಸಿ ಮುಚ್ಚಳ ಹಾಕಿದೆ. ಒಂದೇ ಫ್ಯಾನಿನ ಮೇಲೆ ನಡೆಯುತ್ತದೇನೋ, ನಡೆದರೂ ನಡೆಯಬಹುದು... ಹೀಗೆ ನನಗೆ ನಾನೇ ಹೇಳಿಕೊಂಡೆ. ಗುಂಡಿ ಒತ್ತಿದ ತಕ್ಷಣ ಪರದೆ ಬೆಳಗಿತು. ಮೊದಲು ಚಹಾ ಕುಡಿದು ಬರುವಷ್ಟು ಹೊತ್ತು ಹಿಡಿಯುತ್ತಿದ್ದ ಯಂತ್ರ ಅದು. ಮಲ್ಲು ಕುಣಿದಾಡಿದ. ನಮ್ಮವರು ಮೊದಲ ಬಾರಿಗೆ ನನ್ನ ಕೆಲಸ ನೋಡಿ ಮೀಸೆಯಲ್ಲಿ ನಕ್ಕರು.

ಮಲ್ಲುವಿಗೆ ಪರೀಕ್ಷೆ ಇತ್ತು. ಆಡದೆ ಇರಲಾರೆನೆಂದು ಹೆದರಿ ಲ್ಯಾಪ್‌ಟಾಪನ್ನು ನಿನ್ನ ಕೈಗೆ ಕೊಟ್ಟ. ನೀನು ಅದನ್ನು ಊರಿಗೆ ಒಯ್ದೆ. ಮರಳಿ ತಂದಾಗ ಅಂಗಡಿಗೇ ಬಂದು ನನಗೆ ಹೇಳಿದೆ: "ವೈನಿ, ಚಾಲೂ ಆಗೂದು ಭಾಳ ಜಲ್ದಿ ಆಗ್ತದರಿ. ಆದ್ರ ಆಟಕ್ಕ ಕುಂತ್ರ ಸ್ವಲ್ಪ ಹೊತ್ತಿನ್ಯಾಗೇ ನಿಂತ ನಿಂತ ಓಡ್ತದ. ಬುಡಾ ಕೆಂಡಧಂಗ ಕಾಯ್ತದ. ಒಮ್ಮಿ ನೋಡ್ರಲಾ."

ನೀನು ಹೇಳಿದ್ದು ಒಂದೊಂದು ಅಕ್ಷರವೂ ಸರಿ. "ಹೊಸಾ ಡಿಸ್ಕು, ಸ್ವಲ್ಪ ದಿನ ಹಂಗೇ ಇರ್ತದ," ಎಂದೆ.

ಅಲ್ಲಿಂದ ಶುರುವಾಯಿತು ನೋಡು. ಮಲ್ಲುವಿನ ಪರೀಕ್ಷೆ ಮುಗಿಯಿತು, ಅವನೂ ಆಡಲು ಕೂತ, ಅವನಿಗೂ ಅದೇ ಪಾಡು. ಆಟ ಚೆನ್ನಾಗಿ ಓಡುತ್ತಿರುವಾಗಲೇ ಚಿತ್ರ ತುಂಡುತುಂಡಾಗಿ, ಒಗೆದ ಬಟ್ಟೆಯ ನೀರಿನಂತೆ ತೊಟ್ಟಿಕ್ಕತೊಡಗುತ್ತಿತ್ತು. ಅವನು ಅದನ್ನು ನನ್ನ ಮೇಜಿಗೆ ತಂದ. ನಾನು ಪರೀಕ್ಷೆ ಮಾಡಿದೆ. ಅಂದರೆ, ಪರೀಕ್ಷೆ ಮಾಡುವ ಹಾಗೆ ನಟಿಸಿದೆ. ಗ್ರಾಫಿಕ್ಸಿನ ಡ್ರೈವರ್ ತೆಗೆದು ಹೊಸದಾಗಿ ಹಾಕಿದೆ. ಬ್ಯಾಟರಿ ಉಳಿಸುವ ಸೆಟ್ಟಿಂಗ್ ಬದಲಿಸಿದೆ. ಆಟವನ್ನೇ ಅಳಿಸಿ ಮತ್ತೆ ಇಳಿಸಿದೆ. ವಿಂಡೋಸ್ ಇಡಿಯಾಗಿ ಹೊಸದು ಮಾಡಿದೆ. ಮನೆಯ ಕರೆಂಟಿನ ವೋಲ್ಟೇಜ್ ಮೇಲೂ ತಪ್ಪು ಹೊರಿಸಿದೆ. ಮಲ್ಲು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು ಭಕ್ತಿಯಿಂದ ನೋಡುತ್ತಿದ್ದ. ಪ್ರತಿಯೊಂದು ಉಪಾಯ ಸೋತಾಗಲೂ "ಇರ್ಲಿ ವೈನಿ, ಮುಂದಿಂದು ನೋಡಮ್ಮು," ಎಂದು ನನಗೇ ಸಮಾಧಾನ ಹೇಳುತ್ತಿದ್ದ. ಅಂಗೈಯ ಕೆಳಗೆ ಆ ಲ್ಯಾಪ್‌ಟಾಪಿನ ಕಾವು ಏರುವುದು ನನಗೆ ತಿಳಿಯುತ್ತಿತ್ತು. ಕಾಯಿಲೆ ನನಗೆ ಗೊತ್ತು; ಔಷಧಿ ಹುಡುಕುವವಳೂ ನಾನೇ. ಅಂಗಡಿಗೆ ಹೋದರೆ ಅದು ಮೇಜಿನ ಮೇಲೆ, ಮನೆಗೆ ಬಂದರೆ ಊಟದ ಹೊತ್ತಿಗೆ ಅದರದೇ ಮಾತು. ಎಲ್ಲಿ ಓಡಲಿ?

ಹೇಳಿಬಿಡಬಹುದಿತ್ತು. ಎಷ್ಟೋ ಸಲ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮೊದಲ ದಿನ ಹೇಳಿದ್ದರೆ ಸಾಕೆಟ್ಟು ಮುರಿದದ್ದಷ್ಟೇ ತಪ್ಪಾಗುತ್ತಿತ್ತು. ಈಗ ಹೇಳಿದರೆ ಇಷ್ಟು ದಿನದ ನಾಟಕವೂ ಸೇರುತ್ತದೆ—ಹೀಗೆ ಒಂದೊಂದು ದಿನವೂ ಬಾಗಿಲಿಗೆ ಇನ್ನೊಂದು ಕೀಲಿ ಬೀಳುತ್ತಾ ಹೋಯಿತು.

ಒಂದು ಮಧ್ಯಾಹ್ನ ಮಲ್ಲು ತಾಳ್ಮೆಗೆಟ್ಟ. "ವೈನಿ, ಫ್ಯಾನರೆ ತಿರಗತಾವಿಲ್ಲೋ ನಾನೇ ಬಿಚ್ಚಿ ನೋಡ್ತೀನಿ," ಎಂದು ಸ್ಕ್ರೂಡ್ರೈವರ್ ತೆಗೆದುಕೊಂಡ. ನಾನು ಅದನ್ನು ಅವನ ಕೈಯಿಂದ ಕಸಿದುಕೊಂಡೆನೆಂದೇ ಹೇಳಬೇಕು. "ನಾ ಬಿಚ್ಚತೀನಿ, ಕೊಡು."

ಬಿಚ್ಚಿದೆ. ಟೇಪು ಎತ್ತಿದೆ. ಸಾಕೆಟ್ಟು ಕಳಚಿ ಬಿತ್ತು. ಮಲ್ಲು ಬಗ್ಗಿ ನೋಡುತ್ತಿದ್ದಾನೆ, ಅವನ ಬೆನ್ನ ಹಿಂದೆ ನಮ್ಮವರು ಬಂದು ನಿಂತಿದ್ದಾರೆ. ಆ ಗಳಿಗೆಯಲ್ಲಿ ನನ್ನ ಬಾಯಿಂದ ಬಂದ ಮಾತು ಇದು:

"ನಾ ಹಾಕಿ ಕೊಟ್ಟಾಗ ಛಲೋ ಇತ್ತಲಾ. ನಡುವ ಯಾರ ಕೈಯಾಗರೆ ಕೊಟ್ಟಿದ್ದೇನು?"

ಆರೋಪ ಮಾಡಲಿಲ್ಲ, ನಿನ್ನ ಹೆಸರನ್ನೂ ಎತ್ತಲಿಲ್ಲ, ಬರೀ ಒಂದು ಪ್ರಶ್ನೆ ಕೇಳಿದೆ—ಎಷ್ಟೋ ವರ್ಷ ಈ ಹುಲ್ಲುಕಡ್ಡಿ ಹಿಡಿದುಕೊಂಡೇ ತೇಲಿದೆ. ಆದರೆ ಉತ್ತರ ಏನು ಬರುತ್ತದೆಂದು ತಿಳಿದೇ ಕೇಳಿದ ಪ್ರಶ್ನೆ ಅದು.

ಮಲ್ಲುವಿನ ಮುಖ ಬಿಳಿಚಿತು. "ದಯಾ ಒಯ್ದಿದ್ದ," ಎಂದ.

ಮುಂದಿನದು ತಾನಾಗಿ ಉರುಳಿತು. ನೀನು ಬಿಚ್ಚಿದ್ದೀಯ, ಮುರಿದಿದ್ದೀಯ, ಟೇಪು ಹಚ್ಚಿ ಮುಚ್ಚಿ ಏನೂ ತಿಳಿಯದವನಂತೆ "ಒಮ್ಮಿ ನೋಡ್ರಲಾ" ಎಂದಿದ್ದೀಯ! ನೀನು ಪ್ರಾಮಾಣಿಕವಾಗಿ ಹೇಳಿದ ಮಾತೇ ನಿನಗೆ ಉರುಳಾಯಿತು. ಸಂಜೆಯ ಹೊತ್ತಿಗೆ ಕಾಲೇಜಿನಲ್ಲಿ ಅದು ಇನ್ನಷ್ಟು ಬೆಳೆದಿತ್ತು. ಸುಮ್ಮನೆ ಯಾಕೆ ಬಿಚ್ಚುತ್ತಾನೆ, ಒಳಗಿನ ಸಾಮಾನು ಬದಲಿಸಿರಬೇಕು ಎಂದರು. ಕಳ್ಳ ಎಂಬ ಮಾತನ್ನು ಮೊದಲು ಯಾರು ಆಡಿದರೋ ನನಗೆ ಗೊತ್ತಿಲ್ಲ. ಬೀಜ ಯಾರದೆಂದು ಗೊತ್ತು.

ನೀನು ಅಂಗಡಿಗೆ ಬಂದೆ. ಗಿರಾಕಿಗಳಿದ್ದರು, ಮಲ್ಲು ಇದ್ದ, ನಮ್ಮವರಿದ್ದರು. ನೀನು ಅವರ್‍ಯಾರನ್ನೂ ಕೇಳಲಿಲ್ಲ. ನೇರವಾಗಿ ನನ್ನ ಮೇಜಿನ ಮುಂದೆ ನಿಂತೆ.

"ವೈನಿ, ನೀವರೆ ಹೇಳ್ರಿ. ನಾ ಬಿಚ್ಚೀನೇನ್ರಿ?"

ನನ್ನ ಕೈಯಿಂದ ಉಂಡವನು ನನ್ನನ್ನು ನಂಬಿ ಬಂದಿದ್ದೆ. ಒಂದು ಮಾತು ಸಾಕಿತ್ತು.

"ನನಗೇನ್ ಗೊತ್ತಪಾ," ಎಂದೆ. "ನಾ ನೋಡಿಲ್ಲ."

ನೀನು ನನ್ನ ಕಡೆ ನೋಡಿದೆ. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ನನಗೆ ಇಷ್ಟು... ಬರೀ ಆಶ್ಚರ್ಯವಿತ್ತು. ಆಮೇಲೆ ಚಪ್ಪಲಿ ಮೆಟ್ಟಿ ಹೊರಟೆ. ಆ ವರ್ಷವೇ ಉದಗೀರು ಬಿಟ್ಟೆ ಎಂದು ಕೇಳಿದೆ. ಲಾತೂರಿನ ಪಂದ್ಯಕ್ಕೆ ಮಲ್ಲು ಹೋಗಲೇ ಇಲ್ಲ.

ಇತ್ತ ನನ್ನ ಕತೆ ಕೇಳು. ಫ್ಯಾನಿನ ತಂತಿಗಳನ್ನು ಬೋರ್ಡಿಗೆ ನೇರವಾಗಿ ಬೆಸೆದೆ. ಕೂದಲೆಳೆಯ ಕೆಲಸ. ಎರಡೂ ಫ್ಯಾನು ತಿರುಗಿದವು, ಆಟ ನೀರು ಹರಿದಂತೆ ಓಡಿತು. ನಮ್ಮವರು ಬೆರಗಾದರು. ಮಲ್ಲು ಬಂದ ಗಿರಾಕಿಗಳಿಗೆಲ್ಲ ಹೇಳತೊಡಗಿದ: "ನಮ್ಮ ದೋಸ್ತ್ ಮುರದು ಹಾಳ ಮಾಡಿದ್ದ, ವೈನಿ ಜೀವಾ ತುಂಬಿದ್ಲು." ಹೀಗೆ ನನ್ನ ಹೆಸರು ಬೆಳೆಯಿತು. ಔರಾದ ಶಹಾಜನಿಯಿಂದಲೂ ಜನ ಲ್ಯಾಪ್‌ಟಾಪ್ ಹೊತ್ತು ಬಂದರು. ನನ್ನ ಒಳ್ಳೆಯ ಹೆಸರನ್ನೂ ನಿನ್ನ ಕೆಟ್ಟ ಹೆಸರನ್ನೂ ಜನ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ನಿನ್ನದನ್ನು ತೊಳೆಯಬೇಕೆಂದರೆ ನನ್ನದನ್ನು ಕಳೆದುಕೊಳ್ಳಬೇಕು. ಮೇಜು ದೊಡ್ಡದಾಯಿತು. ಅದರ ಹಿಂದೆ ನಾನು ಕಟ್ಟಿಹಾಕಿದ ದನದಂತೆ ಕೂತಿದ್ದೆ. ಹೊಗಳಿಕೆ ಕೇಳಿದಾಗೆಲ್ಲ ಹಗ್ಗ ಇನ್ನೊಂದು ಸುತ್ತು ಬಿಗಿಯುತ್ತಿತ್ತು.

ಈಚೆಗೆ ಮಲ್ಲುವಿನ ಮದುವೆ ಗೊತ್ತಾಯಿತು. ಯಾರ್‍ಯಾರನ್ನು ಕರೆಯಬೇಕೆಂದು ಮಾತಾಡುತ್ತಾ ಊಟಕ್ಕೆ ಕೂತಿದ್ದೆವು. ಅವನು ರೊಟ್ಟಿ ಮುರಿಯುತ್ತಾ ಹೇಳಿದ: "ದಯಾಗ ಕರೀಬೇಕನಸ್ತದ ವೈನಿ. ಅಂವಾ ಒಂದ ಸಲ, ಹೌದೋ, ನಂದೇ ತಪ್ಪು ಅಂದಿದ್ರ ಅವತ್ತೇ ಮುಗೀತಿತ್ತು. ನಾ ದಾರಿ ನೋಡೇ ನೋಡ್ದೆ. ಅಂವಾ ಅನಲೇ ಇಲ್ಲ."

ಇಷ್ಟು ವರ್ಷ ಅವನು ಆ ಮಾತಿಗಾಗಿ ಕಾಯುತ್ತಿದ್ದ. ಬರಬಾರದ ಬಾಯಿಂದ ಅದು ಬರಲೆಂದು ಕಾಯುತ್ತಿದ್ದ. ಬರಬೇಕಾದ ಬಾಯಿ ಅವನ ಎದುರಿಗೇ ಕೂತು ಪಲ್ಯ ಬಡಿಸುತ್ತಿತ್ತು.

"ಮಲ್ಲು, ಅದು ನಾ ಮುರದಿದ್ದೆ," ಎಂದೆ.

ಮೊದಲು ಅವನಿಗೆ ಅರ್ಥವಾಗಲಿಲ್ಲ. ಎಲ್ಲ ಹೇಳಿದೆ. ಅವನು ತಾಟಿನ ಮುಂದಿನಿಂದ ಎದ್ದ. "ನನ್ನ ಮಗ್ಗಲಾಗ ಕುಂತು ಡ್ರೈವರ್ ಹಾಕ್ತಿದ್ದಿ ನೀ," ಎಂದ. "ನಾ ನಿನಗ ಸಮಾಧಾನ ಹೇಳ್ತಿದ್ದೆ." ಅಷ್ಟೇ. ಅಂದಿನಿಂದ ಅವನು ನನ್ನ ಜೊತೆ ಅಗತ್ಯಕ್ಕಿಂತ ಒಂದು ಮಾತೂ ಹೆಚ್ಚು ಆಡಿಲ್ಲ. ನಮ್ಮವರು ಬಾಗಿಲು ಮುಂದೆ ಮಾಡಿ ಬಂದು, "ಆಗಿದ್ದ ಆಗಿಹೋತು. ಹೊರಗ ಯಾರ ಮುಂದೂ ಅನಬ್ಯಾಡ. ಅಂಗಡಿ ಮುಳಗತದ," ಎಂದರು. ಒಂದು ಬೋನಿನಿಂದ ಹೊರಗೆ ಕಾಲಿಟ್ಟರೆ ಹೊರಗೊಂದು ಬೋನು.

ನಾನು ನಿಲಂಗಾ ಬಸ್ ಹತ್ತಿದೆ. ಲಾತೂರಿನ ದೊಡ್ಡ ಭೂಕಂಪದ ನಂತರ ಸರ್ಕಾರ ಕಟ್ಟಿಕೊಟ್ಟ ಸಾಲುಮನೆಗಳಲ್ಲಿ ನಿಮ್ಮ ಮನೆ ಹುಡುಕುವುದು ಕಷ್ಟವಾಗಲಿಲ್ಲ. ನೀನು ಇರಲಿಲ್ಲ, ಉಮರ್ಗಾದಲ್ಲಿ ಕೆಲಸಕ್ಕಿದ್ದೀಯ ಎಂದು ನಿನ್ನ ತಾಯಿ ಹೇಳಿದರು. ನನ್ನ ಗುರುತು ಹಿಡಿದು ನೀರು ಕೊಟ್ಟರು. ನೀರು ಕುಡಿಯುವ ಮೊದಲೇ ಎಲ್ಲ ಹೇಳಿದೆ, ಕುಡಿದರೆ ಆಮೇಲೆ ಹೇಳಲಾಗದೆಂದು.

ಅವರು ಅಳಲಿಲ್ಲ, ಬೈಯಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ ಹೇಳಿದರು: "ಅಂವಾ ನನ್ನ ಮುಂದ ಆಣಿ ಮಾಡಿದ್ದ, ಯವ್ವಾ. ನಾ ನಂಬಲಿಲ್ಲ. ಊರ ಮಂದಿ ಅಂದಮ್ಯಾಲ ಖರೆ ಇರಬೇಕಂದೆ. ಊಟ ಬಿಟ್ಟು ಮಲಗಿದ್ದ. ಹಸೀಲಿ ಬಿಡು, ಕಳ್ಳಗ್ಯಾಕ ಅನ್ನ ಅಂದೆ ನಾ."

ದಯಾನಂದ, ಇದು ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂಬುದರಿಂದ ಏನೂ ಕಡಿಮೆಯಾಗುವುದಿಲ್ಲ. ನೀನು ಕಳೆದುಕೊಂಡದ್ದು ಒಬ್ಬ ಗೆಳೆಯನನ್ನು ಎಂದುಕೊಂಡಿದ್ದೆ.

ನಿನ್ನ ಹತ್ತಿರ ಉಮರ್ಗಾಕ್ಕೆ ಹೋಗುತ್ತೇನೆ ಎಂದಾಗ ಅವರು ನನ್ನ ಮುಂಗೈ ಹಿಡಿದರು. "ಮೊದಲ ನಾ ಹೋಗ್ಬೇಕು," ಎಂದರು. "ನನ್ನ ತಪ್ಪು ನಿಂದಕಿಂತ ದೊಡ್ಡದದ. ನಾ ಅಂವನ ತಾಯಿ." ಬಸ್ ಸ್ಟ್ಯಾಂಡಿನವರೆಗೂ ಅವರ ಜೊತೆ ನಡೆದೆ. ಅವರು ಉಮರ್ಗಾ ಗಾಡಿ ಹತ್ತಿದರು.

ಕೆಲವು ದಿನಗಳ ಮೇಲೆ ಅವರಿಂದ ಫೋನ್ ಬಂತು. ನಿನಗೆ ಎಲ್ಲ ಹೇಳಿದರಂತೆ. ನೀನು ತಾಯಿಯ ಪಕ್ಕದಲ್ಲಿ ಕೂತು ಕೇಳಿದೆಯಂತೆ. ಮಲ್ಲು ಬಂದರೆ ಬರಲಿ ಎಂದೆಯಂತೆ. ನನ್ನ ಬಗ್ಗೆ ಮಾತ್ರ, "ಆಕಿಗೆ ಬರಬ್ಯಾಡ ಅನ್ನು," ಎಂದೆಯಂತೆ.

ಬರುವುದಿಲ್ಲ. ಬಾಗಿಲು ನಿನ್ನದು. ಇಲ್ಲಿ ಎಲ್ಲರೂ ಓದುವಂತೆ ಬರೆಯುತ್ತಿರುವುದೂ ನೀನು ಓದಲೇಬೇಕೆಂದಲ್ಲ. ಅಂದು ನಾಲ್ಕು ಜನರ ನಡುವೆ ಗೊತ್ತಿಲ್ಲವೆಂದವಳು ನಾಲ್ಕು ಜನರ ನಡುವೆಯೇ ಗೊತ್ತಿತ್ತೆನ್ನಬೇಕು, ಅದಕ್ಕೆ.

ಮಲ್ಲು ನಿನ್ನನ್ನು ಕರೆಯಲು ಉಮರ್ಗಾಕ್ಕೆ ಹೋಗಿ ಬಂದ. ಏನು ಮಾತಾಯಿತೆಂದು ನನಗೆ ಹೇಳಲಿಲ್ಲ. ಕೇಳುವ ಹಕ್ಕು ನನಗಿಲ್ಲ.

ಮೊನ್ನೆ ನಿಮ್ಮ ಜೊತೆ ಓದಿದ ಒಬ್ಬರು ಅಂಗಡಿಗೆ ಬಂದಿದ್ದರು. ದುಬಾರಿ ಲ್ಯಾಪ್‌ಟಾಪ್, ಅದಕ್ಕೂ ಹೊಸ ಎಸ್‌ಎಸ್‌ಡಿ ಹಾಕಬೇಕಿತ್ತು. ಮುಚ್ಚಳ ಬಿಚ್ಚುವಾಗ ನಗುತ್ತಾ ಕೇಳಿದರು: "ವೈನಿ, ಆ ನಿಲಂಗಾದ ಹುಡುಗ, ಫ್ಯಾನ್ ಮುರದು ಸಾಮಾನ ಕದ್ದಿದ್ನಲ್ಲ, ಈಗ ಎಲ್ಲಿದ್ದಾನ್ರಿ?"

ನಮ್ಮವರು ಗಲ್ಲಾಪೆಟ್ಟಿಗೆಯ ಹಿಂದಿನಿಂದ ನನ್ನ ಕಡೆ ನೋಡಿದರು. ಬೇಡ ಎಂದು ಕಣ್ಣಲ್ಲೇ ಹೇಳಿದರು.

"ಅಂವಾ ಏನೂ ಕದ್ದಿಲ್ರಿ," ಎಂದೆ. "ಮುರದಾಕಿ ನಾ. ಮುರದು, ಅಂವನ ಮ್ಯಾಲ ಹಾಕಿದ್ದೆ."

ಅವರ ನಗು ಹಾಗೇ ನಿಂತಿತು. "ಇದು ಸದ್ಯಕ್ಕ ಇರ್ಲಿ ಬಿಡ್ರಿ," ಎಂದು ತಮ್ಮ ಲ್ಯಾಪ್‌ಟಾಪನ್ನು ಮೇಜಿನಿಂದ ಎತ್ತಿಕೊಂಡರು. ನಾನು ಬಿಚ್ಚಿದ್ದ ಸ್ಕ್ರೂಗಳನ್ನು ಕಾಗದದಲ್ಲಿ ಕಟ್ಟಿ ಅವರ ಕೈಗೆ ಕೊಟ್ಟೆ.