ಬಳೆ ಕೈಗೆ ಬಂದ ಮೇಲೆ

ಶಿವಮೊಗ್ಗದಿಂದ ಬೆಳಗಿನ ರೈಲಿನಲ್ಲಿ ಭದ್ರಾವತಿಗೆ ಹೋಗುವವರಲ್ಲಿ ಹೆಚ್ಚಿನವರು ಕಿಟಕಿಯಿಂದ ಇಂಜಿನ್ನಿನ ಕಡೆ ನೋಡುವುದಿಲ್ಲ. ಕಣ್ಣಿಗೆ ಕಿಡಿ ಹಾರೀತೆಂಬ ಭಯ. ಯಾರು ಏನನ್ನು ಬೇಡವೆನ್ನುತ್ತಾರೋ ಅದನ್ನೇ ಮಾಡುವ ಜಾಯಮಾನ ನನ್ನದಾದ್ದರಿಂದ ನಾನು ಕತ್ತು ಚಾಚಿಯೇ ಕೂರುತ್ತೇನೆ. ಹಾಗೆ ಕೂತವನಿಗೆ ಕಾಣಸಿಗುವುದು, ಕಣ್ಣುಜ್ಜಿಕೊಳ್ಳುವ ಕಷ್ಟವನ್ನು ಬಿಟ್ಟರೆ, ಒಂದು ಬೆತ್ತದ ಬಳೆ. ನಡುವಿನ ಸಣ್ಣ ಸ್ಟೇಷನ್ನಿಗೆ ಗಾಡಿ ಮೆಲ್ಲಗೆ ನುಗ್ಗುತ್ತಿರುವಾಗ ಡ್ರೈವರು ತನ್ನ ತೋಳಿನ ಬಳೆಯನ್ನು ಕೆಳಗೆ ನಿಂತವನ ತೋಳಿಗೆ ದಾಟಿಸುತ್ತಾನೆ. ಅವನು ಎತ್ತಿ ಹಿಡಿದ ಇನ್ನೊಂದು ಬಳೆಯೊಳಕ್ಕೆ ತನ್ನ ತೋಳು ತೂರಿಸುತ್ತಾನೆ. ವರಮಾಲೆ ಬದಲಾಯಿಸಿಕೊಂಡಷ್ಟೇ ಗಂಭೀರವಾದ ಈ ಕ್ರಿಯೆ ಮುಗಿಯುವುದು ನಾವು ಒಮ್ಮೆ ಆಕಳಿಸುವಷ್ಟರಲ್ಲಿ.

ಆ ಬಳೆಯ ಬುಡದಲ್ಲಿ ಒಂದು ತೊಗಲಿನ ಚೀಲ, ಚೀಲದಲ್ಲಿ ಒಂದು ಲೋಹದ ಗುಂಡು. ಒಂದೇ ಜೋಡಿ ಹಳಿಯ ಮೇಲೆ ಎರಡು ದಿಕ್ಕಿನ ಗಾಡಿಗಳು ಓಡಬೇಕಾದ ಈ ದಾರಿಯಲ್ಲಿ, ಇಲ್ಲಿನ ಸ್ಟೇಷನ್ ಮಾಸ್ತರು ‘ಕಳಿಸಲೇ?’ ಎಂದು ಮುಂದಿನ ಸ್ಟೇಷನ್ನಿನವರನ್ನು ಕೇಳಬೇಕು. ಅವರು ‘ಕಳಿಸಿ’ ಎಂದರೆ ಮಾತ್ರ ಇಲ್ಲಿನ ಯಂತ್ರದಿಂದ ಗುಂಡು ಹೊರಬರುತ್ತದೆ. ಅದು ಮುಂದಿನ ಸ್ಟೇಷನ್ನಿನ ಯಂತ್ರದ ಹೊಟ್ಟೆ ಸೇರುವ ತನಕ ಇನ್ನೊಂದು ಗುಂಡು ಹೊರಡುವುದಿಲ್ಲ. ಗುಂಡು ಯಾರ ಕೈಯಲ್ಲಿದೆಯೋ ಹಳಿ ಅವರದು. ಇಬ್ಬರು ಮಾಸ್ತರರು ಒಬ್ಬರ ಮುಖವನ್ನೊಬ್ಬರು ಕಂಡಿರಲಿಕ್ಕಿಲ್ಲ. ಆದರೂ ಅವರ ಒಂದು ಪ್ರಶ್ನೆ, ಒಂದು ಉತ್ತರದ ಮೇಲೆ ತೂಕಡಿಸುವ ಗುಮಾಸ್ತರೂ ಹಾಲು ಕುಡಿಯುವ ಕೂಸುಗಳೂ ನನ್ನಂಥ ತಾರ್ಕಿಕರೂ ತುಂಬಿದ ಗಾಡಿ ನಿಶ್ಚಿಂತೆಯಿಂದ ಓಡುತ್ತದೆ. ಇದನ್ನು ನನಗೆ ವಿವರಿಸಿದವರು ಕಮಲಾಕ್ಷಮ್ಮ ಟೀಚರು.

ಅವರು ಯಾರೆಂದು ಹೇಳುವ ಮೊದಲು ನಾನು ಯಾರೆಂದು ಹೇಳಿಬಿಡುವುದು ಕ್ಷೇಮ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರವಾಗಿಯೂ ವಿರೋಧವಾಗಿಯೂ ಸಮಾನ ಆವೇಶದಿಂದ ಮಾತಾಡಿ, ಕಡೆಗೆ ನನ್ನ ಸ್ವಂತ ಅಭಿಪ್ರಾಯ ಯಾವುದೆಂಬುದು ನನಗೇ ಮರೆತುಹೋದ ಸ್ಥಿತಿಯಲ್ಲಿ ಭದ್ರಾವತಿಯ ಒಂದು ಹೈಸ್ಕೂಲಿಗೆ ಮೇಷ್ಟರಾಗಿ ಸೇರಿದವನು. ಸ್ಟಾಫ್ ರೂಮಿನಲ್ಲಿ ನನ್ನ ಹೆಸರು ‘ವಕೀಲರು’. ಕಮಲಾಕ್ಷಮ್ಮನವರು ಹೊಲಿಗೆ, ಕಸೂತಿ ಕಲಿಸುವವರು, ನನ್ನ ಹಾಗೆಯೇ ಶಿವಮೊಗ್ಗದಿಂದ ರೈಲಿನಲ್ಲಿ ಬರುವವರು, ಖಾಸಗಿಯಾಗಿ ಬಿ.ಎ. ಪರೀಕ್ಷೆಗೆ ಕಟ್ಟಿದವರು. ರಜೆ ಕೊಡಲು ಹೆಡ್‌ಮಾಸ್ಟರರ ಷರತ್ತು ಒಂದೇ: ಅವರ ಯಾವ ತರಗತಿಯೂ ಮೇಷ್ಟರಿಲ್ಲದೆ ಇರಬಾರದು, ಒಂದು ಪೀರಿಯಡ್ ಖಾಲಿ ಕಂಡರೂ ಉಳಿದ ರಜೆಯೂ ರದ್ದು, ಪರೀಕ್ಷೆಗೆ ಕೊಟ್ಟ ಅನುಮತಿಯೂ ರದ್ದು, ಅದುವರೆಗೆ ಬರೆದ ಪೇಪರುಗಳು ನೀರಿನಲ್ಲಿ ಹೋಮ. ನಾನು ಸೇರುವುದಕ್ಕೆ ಹಿಂದಿನ ವರ್ಷ ಆದದ್ದೂ ಅದೇ. ‘ನಾವಿದ್ದೇವೆ, ಹೋಗಿಬನ್ನಿ’ ಎಂದು ಇಡೀ ಸ್ಟಾಫ್ ರೂಮು ಒಪ್ಪಿಕೊಂಡಿತ್ತು. ಎಲ್ಲರೂ ಒಪ್ಪಿದ್ದರಿಂದ ಯಾರೂ ಹೋಗಲಿಲ್ಲ. ರಜೆ ರದ್ದಾಗಿ, ಅರ್ಧ ಬರೆದ ಪರೀಕ್ಷೆ ಅಲ್ಲಿಗೇ ನಿಂತಿತು.

ಈ ಸಲವೂ ವಿಜ್ಞಾನದ ರೇವಣಪ್ಪನವರು ಎಲೆಗೆ ಸುಣ್ಣ ಸವರುತ್ತ ಹಳೆಯ ಅಭಯವನ್ನೇ ನೀಡಿದರು.

“ಅಯ್ಯೋ, ನಾವೆಲ್ಲ ಇಲ್ವೇನ್ರೀ ಟೀಚರ್? ಆರಾಮಾಗಿ ಹೋಗ್ಬನ್ನಿ. ನೋಡ್ಕೊಂಡ್ರಾಯ್ತು.”

“ಹೋದ ವರ್ಷಾನೂ ಎಲ್ರೂ ಇದ್ರಿ ರೇವಣಪ್ಪನವ್ರೇ. ತೊಂದ್ರೆ ಆಗಿದ್ದೇ ಅದ್ರಿಂದ,” ಎಂದರು ಕಮಲಾಕ್ಷಮ್ಮ. ಬಟ್ಟೆ ಬಿಗಿದು ಕಸೂತಿ ಹಾಕುವ ಮರದ ಬಳೆಯೊಂದನ್ನು ಚೀಲದಿಂದ ತೆಗೆದರು. ದಿನಾ ರೈಲಿನಲ್ಲಿ ಬರುವ ನನಗೆ ಅದೇನೆಂದು ಹೇಳಬೇಕಾಗಿರಲಿಲ್ಲ, ಉಳಿದವರಿಗಾಗಿ ಹೇಳಿದರು: ಬಳೆ ಯಾರ ಕೈಯಲ್ಲೋ ತರಗತಿ ಅವರದು. ತೆಗೆದುಕೊಳ್ಳುವವರು ಏನನ್ನು ಒಪ್ಪಿಕೊಂಡೆ ಎಂದು ಬಾಯಿಬಿಟ್ಟು ಹೇಳಿ ತೆಗೆದುಕೊಳ್ಳಬೇಕು. ಮುಂದಿನವರ ಕೈಗೆ ದಾಟಿಸದೆ ಬಿಡುಗಡೆಯಿಲ್ಲ.

ಸ್ಟಾಫ್ ರೂಮು ನಕ್ಕಿತು. ನನ್ನ ಸರದಿ ಬಂದಾಗ ನಾನು ನಗಲಿಲ್ಲ, ಅದಕ್ಕಿಂತ ಕೆಟ್ಟದ್ದನ್ನು ಮಾಡಿದೆ: ವಾದಕ್ಕಿಳಿದೆ.

“ಎಂಟನೇ ಕ್ಲಾಸ್ ಬಿ ಸೆಕ್ಷನ್, ಕಡೇ ಪೇಪರ್ ದಿನ, ಊಟದ ಬೆಲ್‌ಗೆ ಮುಂಚಿನ ಪೀರಿಯಡ್,” ಎಂದರು ಅವರು. “ಪಾಠ ಬೇಡ. ಬೆಲ್ ಆಗೋವರೆಗೂ ಒಳಗಿರ್ಬೇಕು. ಆಗುತ್ತೋ, ಆಗಲ್ವೋ?”

“ಮಾತು ಕೊಡೋದು ಅಂದ್ರೆ ಭವಿಷ್ಯ ಹೇಳಿದ ಹಾಗೆ ಟೀಚರ್. ಅವತ್ತು ನನಗೆ ಜ್ವರ ಬರ್ಬಹುದು, ರೈಲು ತಪ್ಪಬಹುದು. ನಾನು ಜ್ಯೋತಿಷಿ ಅಲ್ಲ.”

“ಜ್ವರ ಬಂದ್ರೆ ಇನ್ನೊಬ್ರನ್ನ ಒಪ್ಪಿಸಿ ಬಳೆ ದಾಟ್ಸಿ. ನಾನು ಭವಿಷ್ಯ ಕೇಳ್ತಿಲ್ಲ ವಕೀಲ್ರೇ, ಕೈ ಚಾಚ್ತೀರಾ ಅಂತ ಕೇಳ್ತಿದೀನಿ.”

ಅಷ್ಟು ಬೆತ್ತಲೆಯಾದ ಪ್ರಶ್ನೆಯನ್ನು ನಾನು ಅದುವರೆಗೆ ಎದುರಿಸಿರಲಿಲ್ಲ. ನಮ್ಮ ಪ್ರಶ್ನೆಗಳು ಸಾಮಾನ್ಯವಾಗಿ ಶಾಲು ಹೊದ್ದೇ ಬರುತ್ತವೆ: ‘ಬಿಡುವಾದರೆ’, ‘ತೊಂದರೆ ಇಲ್ಲವಾದರೆ’, ‘ಒಂಚೂರು’. ಉತ್ತರಗಳೂ ತಕ್ಕ ಹಾಗೆ ರುಮಾಲು ಸುತ್ತಿಕೊಂಡು ಹೊರಡುತ್ತವೆ. ಕೇಳಿದವರಿಗೂ ಮರ್ಯಾದೆ, ಕೇಳಿಸಿಕೊಂಡವರಿಗೂ ಮರ್ಯಾದೆ. ಕೆಲಸವೊಂದು ಮಾತ್ರ ನಡುಬೀದಿಯಲ್ಲಿ. ನಾನು ಕೈ ಚಾಚಿದೆ; ಒಪ್ಪಿಕೊಂಡದ್ದನ್ನು, ಪ್ರತಿಜ್ಞೆ ಸ್ವೀಕರಿಸುವ ಮಂತ್ರಿಯ ಧಾಟಿಯಲ್ಲಿ, ಗಟ್ಟಿಯಾಗಿ ಹೇಳಿದೆ.

ಪರೀಕ್ಷೆಯ ದಿನಗಳಲ್ಲಿ ಬಳೆ, ಒಪ್ಪಿಕೊಂಡ ಸರದಿಯಂತೆ, ಕೈಯಿಂದ ಕೈಗೆ ಓಡಾಡಿತು. ಕಡೆಯ ದಿನ ನನ್ನ ಕೈಗೆ ಬಂದ ಬೆಳಿಗ್ಗೆಯೇ ಶಿವಮೊಗ್ಗದ ಗೆಳೆಯನೊಬ್ಬ ಸೈಕಲ್ ತುಳಿದು ಏದುಸಿರು ಬಿಡುತ್ತ ಶಾಲೆಗೇ ಬಂದ. ಮಧ್ಯಾಹ್ನ ಶಿವಮೊಗ್ಗದಲ್ಲಿ ನಡೆಯುವ ಚರ್ಚಾಕೂಟದಲ್ಲಿ ಮೈಸೂರಿನ ಪ್ರಚಂಡ ವಾಗ್ಮಿಯೊಬ್ಬರಿಗೆ ಎದುರಾಗಿ ಮಾತಾಡಬೇಕಾದವರಿಗೆ ಗಂಟಲು ಕಟ್ಟಿದೆ, ನೀನೇ ಗತಿ, ಎಂದ. ಓದುಗರೇ, ಗಂಟಲು ಕಟ್ಟಿದವರ ಬಗ್ಗೆ ನನಗೆ ಅಂಥ ಕೃತಜ್ಞತೆ ಎಂದೂ ಹುಟ್ಟಿರಲಿಲ್ಲ. ಆದರೆ ಶಿವಮೊಗ್ಗದ ಬಸ್ಸು ಭದ್ರಾವತಿಯ ಹಳೇಪೇಟೆಯಿಂದ ಹೊರಡುವುದು ನನ್ನ ಪೀರಿಯಡ್ಡಿನ ನಡುವೆ. ರೇವಣಪ್ಪನವರ ಬಳಿಗೆ ಧಾವಿಸಿದೆ.

“ಹೋಗ್ರಿ ಮಾರಾಯ್ರೆ, ಅದಕ್ಯಾಕಿಷ್ಟು ಗಾಬ್ರಿ? ನಾನ್ ನೋಡ್ಕೋತೀನಿ,” ಎಂದರು, ಕೇಳಿ ಮುಗಿಸುವ ಮೊದಲೇ.

ನಾನು ಬಳೆಯನ್ನು ಮುಂದೆ ಹಿಡಿದೆ.

ಅವರ ಬಾಯಿ ನಗುತ್ತಿತ್ತು, ಕೈ ಮೇಲೇಳಲಿಲ್ಲ. “ಇದೆಲ್ಲ ಯಾಕ್ರೀ? ನಂಬಿಕೆ ಇಲ್ವಾ?” ಎಂದರು. ಬಳೆ ನಮ್ಮಿಬ್ಬರ ನಡುವೆ ಗಾಳಿಯಲ್ಲಿ ನಿಂತೇ ಇತ್ತು. ಅದನ್ನು ನೋಡುತ್ತ ನೋಡುತ್ತ ಅವರ ನಗು ನಿಧಾನವಾಗಿ ಇಳಿಯಿತು. ತಮ್ಮ ದನಿ ತಮಗೇ ಹೊಸದೆಂಬಂತೆ, “ಇಲ್ಲ. ಆಗಲ್ಲ. ಆ ಹೊತ್ತಿಗೆ ನಂಗೆ ಲ್ಯಾಬ್ ಇದೆ. ನೀವು ಹೋದ್ಮೇಲೆ ಮರ್ತುಬಿಡ್ತಿದ್ದೆ,” ಎಂದರು.

ಆ ಸ್ಟಾಫ್ ರೂಮಿನಲ್ಲಿ ನಾನು ಕೇಳಿದ ಮೊದಲ ಶುದ್ಧ ‘ಇಲ್ಲ’ ಅದು. ಎಷ್ಟೋ ಸಭೆಗಳಲ್ಲಿ ನಾನು ತರ್ಕದ ಗರಗಸದಿಂದ ಕೊಯ್ದು ಹೊರತೆಗೆಯಲು ಹೆಣಗಿದ ಸತ್ಯವನ್ನು ಒಂದು ಮರದ ಬಳೆ ಸುಮ್ಮನೆ ಎದುರು ನಿಂತೇ ಹೊರತೆಗೆದಿತ್ತು. ರೇವಣಪ್ಪನವರು ಸುಳ್ಳುಗಾರರಲ್ಲ, ಒಳ್ಳೆಯವರು, ಅತಿ ಒಳ್ಳೆಯವರು. ಅವರ ಬಾಯಿ ನನ್ನನ್ನು ಸಂತೋಷಪಡಿಸಲು ಹೊರಟಿತ್ತು, ಕೈಗೆ ಮಾತ್ರ ವಾಸ್ತವ ತಿಳಿದಿತ್ತು. ಅವರ ಆ ‘ಇಲ್ಲ’ ಕಮಲಾಕ್ಷಮ್ಮನವರ ಇಡೀ ವರ್ಷವನ್ನು ಉಳಿಸಿತು. ತಡೆದು ನಿಲ್ಲಿಸುವ ಸಿಗ್ನಲ್ಲೂ ಗಾಡಿಯನ್ನು ಕಾಪಾಡುತ್ತದಲ್ಲವೆ?

ಬೇರೆ ಯಾರಿಗೂ ಬಿಡುವಿರಲಿಲ್ಲ. ಗೆಳೆಯನಿಗೆ ನಾನೂ ಒಂದು ಶುದ್ಧ ‘ಇಲ್ಲ’ ಹೇಳಿ, ಬಳೆ ಹಿಡಿದು ಎಂಟನೆಯ ತರಗತಿಗೆ ಹೋದೆ. ಹುಡುಗಿಯರು ತಲೆ ಬಗ್ಗಿಸಿ ಸೂಜಿಯಾಡಿಸುತ್ತಿದ್ದರು. ಹೆಡ್‌ಮಾಸ್ಟರರು ಬಾಗಿಲಲ್ಲಿ ಇಣುಕಿದರು, ನನ್ನನ್ನು ಕಂಡರು, ಹೋದರು. ಶಿವಮೊಗ್ಗದಲ್ಲಿ ಆ ಹೊತ್ತಿಗೆ ಒಬ್ಬ ಹೆಂಗಸು, ಇತ್ತ ಏನಾಗುತ್ತಿದೆಯೆಂದು ತಿರುಗಿ ನೋಡದೆ ಉತ್ತರ ಬರೆಯುತ್ತಿದ್ದಾರೆ, ಹಾಗೆ ನೋಡದೆ ಬರೆಯಬಲ್ಲ ಅವರ ನಿಶ್ಚಿಂತೆ ಈಗ ನನ್ನ ತೊಡೆಯ ಮೇಲಿದೆ ಎಂದು ಹೊಳೆದಾಗ ಹಗುರವಾದ ಆ ಬಳೆ ಭಾರವೆನಿಸಿತು. ಮಾತು ಕೊಡುವುದು ಭವಿಷ್ಯ ನುಡಿಯುವುದೆಂಬ ನನ್ನ ವಾದ ಅಲ್ಲಿ ಮಕಾಡೆ ಮಲಗಿತು. ಭವಿಷ್ಯ ಹೇಳಿದವನು ಎದ್ದುಹೋಗಬಹುದು, ಬಳೆ ಹಿಡಿದವನು ಕೂತಿರಬೇಕು.

ಮರುದಿನ ಶಿವಮೊಗ್ಗದ ಪ್ಲಾಟ್‌ಫಾರ್ಮಿನಲ್ಲಿ ಕಮಲಾಕ್ಷಮ್ಮನವರು ಕೈ ಚಾಚಿದರು. ಬಳೆಯನ್ನು ಒಪ್ಪಿಸಿದೆ.

“ಎಲ್ಲಾ ಪೇಪರೂ ಬರ್ದೆ,” ಎಂದರು.

“ಪಾಸಾಗ್ತೀರಾ?”

“ಅದು ಭವಿಷ್ಯ ವಕೀಲ್ರೇ,” ಎಂದು ಹೆಂಗಸರ ಡಬ್ಬಿ ಹತ್ತಿದರು.

ಆ ದಿನ ಗಾಡಿ ನಡುವಿನ ಸ್ಟೇಷನ್ನಿನ ಹೊರಗೇ ನಿಂತುಬಿಟ್ಟಿತು. ಎದುರು ಕೂತಿದ್ದ ಶಿವಮೊಗ್ಗದ ಗಾಂಧಿ ಬಜಾರಿನ ಜವಳಿ ವರ್ತಕರು ಸಿಡುಕಿದರು: “ಎಂಥದು ಮಾರಾಯ್ರೆ, ಸುಮ್‌ಸುಮ್ನೆ ನಿಲ್ಸಿದಾನಲ್ಲ?”

“ಸುಮ್ನೆ ಅಲ್ಲ, ಅಲ್ಲಿನ್ನೂ ‘ಹೂಂ’ ಅಂದಿಲ್ಲ,” ಎಂದೆ. ಅದಕ್ಕಿಂತ ಹೆಚ್ಚಿನ ವಾದ ನನಗೆ ಹೊಳೆಯಲಿಲ್ಲ.

ಕಡೆಗೆ ಸಿಗ್ನಲ್ಲಿನ ಕೈ ಇಳಿಯಿತು. ಗಾಡಿ ಮೆಲ್ಲಗೆ ಒಳನುಗ್ಗಿತು. ನಾನು ಎಂದಿನಂತೆ ಕತ್ತು ಚಾಚಿದ್ದೆ. ಮುಂದೆ ಡ್ರೈವರಿನ ತೋಳು, ಕೆಳಗೆ ಎತ್ತಿ ಹಿಡಿದ ಬಳೆ, ಅವೆರಡರ ನಡುವೆ ಕ್ಷಣದಿಂದ ಕ್ಷಣಕ್ಕೆ ಕಿರಿದಾಗುತ್ತಿದ್ದ ಬೆಳಕು.

“ಸ್ವಾಮಿ, ಕೈ ಒಳಗೆ ತಗೊಳ್ರಿ! ಕಂಬ ಬಡಿದ್ರೆ ಏನ್ ಗತಿ?” ಎಂದು ವರ್ತಕರು ಕೂಗಿದಾಗಲೇ ಗೊತ್ತಾದದ್ದು, ನನ್ನ ಬಲಗೈಯೂ ಕಿಟಕಿಯಾಚೆ ಚಾಚಿಕೊಂಡಿತ್ತು.