ಮಕ್ಕಳನ್ನು ಕೇಳಿಕೊಂಡು ಬಂದವರು

ಹೆಗಲಿಗೆ ಚೀಲ, ಕೈಯಲ್ಲಿ ಕೊಡೆ, ಗೇಟಿನಿಂದ ಗೇಟಿಗೆ ನಡಿಗೆ. ನೀರಿನ ಫಿಲ್ಟರ್ ಮಾರುವವರೆಂದುಕೊಂಡು ನಾನು ಕಿಟಕಿಯಿಂದಲೇ, "ನಮಗೇನೂ ಬೇಡಮ್ಮ" ಎಂದಿದ್ದೆ.

"ಬೇಕಾಗಿರೋದು ನನಗೆ ಸಾರ್," ಎಂದರು ಆಕೆ. "ಮನೇಲಿ ಮಕ್ಕಳಿದ್ದಾರಾ?"

ಹಿಂದಿನ ಬೀದಿಯ ಸರ್ಕಾರಿ ಪ್ರೌಢಶಾಲೆಯ ಗಣಿತದ ಮೇಡಂ ಅವರು. ಪ್ರತಿ ಬೇಸಿಗೆ ರಜೆಯಲ್ಲೂ ಮನೆಮನೆ ಸುತ್ತಿ ಶಾಲೆಗೆ ಮಕ್ಕಳನ್ನು ಹುಡುಕುತ್ತಾರೆ. ನಮ್ಮ ಎದುರುಮನೆಯ ವಕೀಲರ ಫಲಕದಲ್ಲಿ ಹೆಸರಿಗಿಂತ ಪದವಿಗಳೇ ಉದ್ದ. ಅಂದು ಅವರು ಮೇಡಂಗೆ ಕೂರಲು ಕುರ್ಚಿಯನ್ನೂ ತೋರಿಸದೆ, ಮಗಳು ಓದುವ ಖಾಸಗಿ ಶಾಲೆಯ ನೂರಕ್ಕೆ ನೂರು ಫಲಿತಾಂಶದ ಬಗ್ಗೆ ಅರ್ಧ ಗಂಟೆ ವಾದ ಮಂಡಿಸಿದರು.

ಮರುವರ್ಷ ಅದೇ ಶಾಲೆ ಆ ಮಗಳ ಟಿ.ಸಿ.ಯನ್ನು ಅವರ ಕೈಗಿಟ್ಟಿತು. ಹುಡುಗಿ ಗಣಿತದಲ್ಲಿ ಹಿಂದೆ. ಹತ್ತನೇ ತರಗತಿಯ ಪರೀಕ್ಷೆಗೆ ಕೂರಿಸಿದರೆ ಶಾಲೆಯ ನೂರಕ್ಕೆ ನೂರು ಕೆಡುತ್ತಿತ್ತು. ವಕೀಲರು ತೆಪ್ಪಗೆ ಹಿಂದಿನ ಬೀದಿಗೆ ನಡೆದರು.

ಅಲ್ಲಿನ ಹೆಡ್‌ಮಾಸ್ಟರು ಹುಡುಗಿಯ ಗಣಿತದ ಅಂಕ ನೋಡಿ ಟಿ.ಸಿ.ಯನ್ನು ಹಿಂದಕ್ಕೆ ಸರಿಸಿದರು. ಈ ಸಲವೂ ಕನಿಷ್ಠ ಅರ್ಧದಷ್ಟು ಮಕ್ಕಳಾದರೂ ಪಾಸಾಗದಿದ್ದರೆ ಶಾಲೆಯನ್ನೇ ಮುಚ್ಚುವುದಾಗಿ ಮೇಲಿನಿಂದ ಎಚ್ಚರಿಕೆ ಬಂದಿತ್ತು.

"ಮೊದಲೇ ಮುಳುಗ್ತಾ ಇದೀವಿ. ಬೇಡ ಮೇಡಂ."

"ಮುಳುಗೋದೇ ಆದ್ರೆ ಅವಳನ್ನೂ ಕೂರಿಸಿಕೊಂಡೇ ಮುಳುಗೋಣ ಬಿಡಿ ಸಾರ್," ಎಂದ ಮೇಡಂ, ಹುಡುಗಿಗೆ ಮುಂದಿನ ಬೆಂಚು ತೋರಿಸಿದರು.

ಫಲಿತಾಂಶದ ಬೆಳಿಗ್ಗೆ ವಕೀಲರು ಧೈರ್ಯಕ್ಕೆಂದು ನನ್ನನ್ನೂ ಶಾಲೆಗೆ ಎಳೆದುಕೊಂಡು ಹೋದರು. ಹೆಡ್‌ಮಾಸ್ಟರು ಮೊಬೈಲಿಗೆ ಒಂದೊಂದೇ ನಂಬರು ಒತ್ತಿ ಓದುತ್ತಿದ್ದರು. ಪಾಸು. ಫೇಲು. ಫೇಲು. ಮೇಡಂ ಆಗಲೇ ಒರೆಸಿದ್ದ ಕರಿಹಲಗೆಯನ್ನು ಮತ್ತೆ ಮತ್ತೆ ಒರೆಸುತ್ತಿದ್ದರು. ಕೊನೆಗೆ ಉಳಿದದ್ದು ವಕೀಲರ ಮಗಳೊಬ್ಬಳೇ. ಅವಳು ಪಾಸಾದರೆ ಸರಿಯಾಗಿ ಅರ್ಧ. ಇಲ್ಲವಾದರೆ ಬಾಗಿಲಿಗೆ ಬೀಗ.

ಮೊಬೈಲಿನಲ್ಲಿ ಚಕ್ರ ಸುತ್ತುತ್ತಲೇ ಇತ್ತು. ಹುಡುಗಿ ಉಗುರು ಕಚ್ಚುವುದನ್ನು ನಿಲ್ಲಿಸಿದಳು, ಅವಳಪ್ಪ ಶುರುಮಾಡಿದರು.

"ಗಣಿತ ಮೂವತ್ತೇಳು," ಎಂದರು ಹೆಡ್‌ಮಾಸ್ಟರು, ಕುಡಿಯಲು ನೀರು ಕೇಳುವವರ ದನಿಯಲ್ಲಿ. "ಪಾಸು."

ಮೇಡಂ ಸಿಕ್ಕಿದ ಕುರ್ಚಿಯಲ್ಲಿ ಕುಸಿದು ಕೂತರು. ವಕೀಲರ ಬೆನ್ನು ಮಾತ್ರ ಆ ಕ್ಷಣವೇ ನೆಟ್ಟಗಾಯಿತು. ಕೋರ್ಟಿನ ಗಂಟಲೂ ವಾಪಸು ಬಂತು.

"ಅದೆಲ್ಲ ಸರಿ ಮೇಡಂ. ಆದ್ರೆ ಆ ಶಾಲೆಯವರು ಈ ಸಲಾನೂ ನೂರಕ್ಕೆ ನೂರು ತಂದಿದ್ದಾರೆ. ನಿಮ್ಮ ಕೈಲಿ ಯಾಕೆ ಆಗಲ್ಲ?"

ಮೇಡಂ ಕುರ್ಚಿಯಿಂದ ಏಳಲಿಲ್ಲ.

"ಅವರು ನಿಮ್ಮ ಮಗಳನ್ನ ಆಚೆ ಹಾಕಿದ್ರು. ನಾವು ಒಳಗೆ ಕರ್ಕೊಂಡ್ವಿ."